ಹೀರೆಬಳ್ಳಿ ಹಬ್ಬಿದ ಗೋಲು

ಹಿತ್ತಲು ಇದ್ದವರು ಬೇರೆ ಯಾವ ಸಂಘಕ್ಕಾದರೂ ಕಾರ್ಯದರ್ಶಿ ಆಗಲಿ, ಹಾಕಿ ಕ್ಲಬ್ಬಿಗೆ ಮಾತ್ರ ಆಗಬಾರದು. ಕುಷ್ಟಗಿಯ ನಮ್ಮ ಕ್ಲಬ್ಬಿಗೆ ನಾನು ಮೊದಲು ಗೋಲ್‌ಕೀಪರ್, ಆಮೇಲೆ ಕಾರ್ಯದರ್ಶಿ. ಮೈದಾನ ಕೈತಪ್ಪಿದಾಗಲೆಲ್ಲ ಎರಡು ಕಬ್ಬಿಣದ ಗೋಲುಗಳು ಟ್ರ್ಯಾಕ್ಟರ್ ಏರಿ ನಮ್ಮ ಹಿತ್ತಲಿಗೆ ಬಂದು ಕೂರುತ್ತಿದ್ದವು.

ಮೈದಾನಗಳು ಹೋದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಹಾಕಿಗೆ ನೆಲ ಸಮ ಇರಬೇಕು. ಶಾಲೆಯ ಹಿಂದಿನ ಬಯಲಲ್ಲಿ ಜಾಲಿ ಕಡಿದು, ಕಲ್ಲು ಆರಿಸಿ ಅಂಗೈಯಂತೆ ಮಾಡಿದೆವು. ಅಷ್ಟು ಚೆಂದದ ನೆಲ ಕಂಡದ್ದೇ ತಡ, ಊರಿನವರಿಗೆ ಅಲ್ಲಿ ಕಲ್ಯಾಣಮಂಟಪ ಕಟ್ಟುವ ಬುದ್ಧಿ ಬಂತು. ಕೆರೆಯ ಬದಿಗೆ ಹೋಗಿ ಸಮ ಮಾಡಿದೆವು. ಸಂತೆ ಬಂದು ಕೂತಿತು. ಹನುಮಸಾಗರ ರಸ್ತೆಯ ಪಾಳು ಹೊಲ ಸಮ ಮಾಡಿದೆವು. ಮಾಲೀಕರು ಸೈಟು ಹಾಕಿದರು. ನಮ್ಮ ಕ್ಯಾಪ್ಟನ್ ಮೆಹಬೂಬ, ಬಜಾರದ ಟೇಲರ್, "ಆಡೂದು ಬಿಟ್ಟು ನೆಲ ಸಮ ಮಾಡೂ ಗುತ್ತಿಗಿ ಹಿಡದಿದ್ರ ಸಾವ್ಕಾರ ಆಗ್ತಿದ್ವಿ ನೋಡು" ಎನ್ನುತ್ತಿದ್ದ. ಆಗ ನಗುತ್ತಿದ್ದೆವು.

ಕೊನೆಯ ಸಲ ಬಂದ ಗೋಲುಗಳು ವಾಪಸು ಹೋಗಲೇ ಇಲ್ಲ. ನನ್ನ ಹೆಂಡತಿ ಒಂದರ ಮೇಲೆ ಬಟ್ಟೆ ಒಣಹಾಕಿದಳು, ಇನ್ನೊಂದಕ್ಕೆ ಹೀರೆಬಳ್ಳಿ ಹಬ್ಬಿಸಿದಳು.

ಈ ಮಳೆಗಾಲದಲ್ಲಿ ಮೆಹಬೂಬ ಓಡುತ್ತ ಬಂದ. ಕಾಲೇಜೊಂದರ ಬಯಲು ಸಿಗುವ ಹಾಗಿತ್ತು.

"ಮೊದ್ಲು ಬಂದು ಆಡಾಕ ಹತ್ತಿದವರಿಗೆ ಜಾಗ ಅಂದಾರ. ಈ ಐತಾರನ ಗೋಲು ನಿಲ್ಸೂಣು. ಇದೂ ಹೋದ್ರ ಕ್ಲಬ್ ಮುಗದಂಗ."

"ಈಗರ ಹೂ ಬಿಟ್ಟೈತ್ರಿ ಅಣ್ಣಾರ, ಒಂದ್ ತಿಂಗಳ ತಡೀರಿ" ಎಂದಳು ಹೆಂಡತಿ.

ಮೆಹಬೂಬ ನನ್ನ ಮುಖ ನೋಡಿದ. ನಾನು ಬಳ್ಳಿಯ ಕಡೆ ನೋಡಿದೆ. ಬಳ್ಳಿ ಹರಿದರೆ ಮನೆಯಲ್ಲಿ ಎಷ್ಟು ದಿನ ಮೌನವ್ರತ ನಡೆಯುತ್ತದೆಂದು ನನಗೆ ಗೊತ್ತು. "ತಿಂಗಳೇನ್ ಮಾರಾಯಾ, ಹಂಗ ಹೋಗಿಬಿಡ್ತೈತಿ" ಎಂದೆ.

ಹಾಗೇ ಹೋಯಿತು. ಬಯಲಲ್ಲಿ ಕ್ರಿಕೆಟ್ಟಿನವರು ಚಾಪೆ ಹಾಸಿದರು. ಈ ಸಲ ನಾವು ಒಂದು ಕಲ್ಲು ಕೂಡ ಆರಿಸಿರಲಿಲ್ಲ.

ಮೊನ್ನೆ ಮೆಹಬೂಬನನ್ನು ಊಟಕ್ಕೆ ಕರೆದೆ. ರೊಟ್ಟಿ, ಹೀರೆಕಾಯಿ ಪಲ್ಯ. "ಪಲ್ಯ ಭಾಳ ಛಲೋ ಆಗೇತ್ರಿ ವೈನಿ" ಎಂದ; ಕಣ್ಣು ಮಾತ್ರ ಹಿತ್ತಲ ಬಾಗಿಲಿನಾಚೆ ಇತ್ತು. ಅಷ್ಟು ವರ್ಷ ಗೋಲು ಕಾದೆ, ಎದುರಾಳಿಗಳು ಹೊಡೆದ ಚೆಂಡು ಒಂದನ್ನೂ ನೆಟ್ಟಗೆ ತಡೆಯಲಾಗಲಿಲ್ಲ. ನಮ್ಮವನೇ ಬಂದಾಗ ಮಾತ್ರ ಸರಿಯಾಗಿ ತಡೆದೆ.