ಹೊಗೆಗೊಂದು ದಾರಿ

ಬೇರೆಯವರಿಗೆ ಬುದ್ಧಿ ಹೇಳಿ ಸಂಬಳ ಪಡೆಯುವ ಸುಖ ದೇವರು ಎಲ್ಲರಿಗೂ ಕೊಡುವುದಿಲ್ಲ. ತಮಿಳು ಸೀಮೆಯ ನಂಗವಳ್ಳಿಯ ಶಾಲೆಯಲ್ಲಿ ವಾದ್ಯಾರನಾದ ನನಗೆ ಕೊಟ್ಟಿದ್ದಾನೆ. ಒಳ್ಳೆಯ ಗಾಳಿಯೇ ಆರೋಗ್ಯಕ್ಕೆ ಮೂಲವೆಂದು ಮಕ್ಕಳ ಬಾಯಲ್ಲಿ ತಮಿಳಿನಲ್ಲಿ ಮತ್ತೆ ಮತ್ತೆ ಹೇಳಿಸುತ್ತೇನೆ; ಗಂಟೆ ಹೊಡೆದ ಕೂಡಲೇ ಬೇವಿನ ಮರದ ಹಿಂದೆ ನಿಂತು ಒಂದು ಚುಟ್ಟ ಹಚ್ಚುತ್ತೇನೆ. ಮನೆಗೆ ಬಂದು ಜಗಲಿಯಲ್ಲಿ ಇನ್ನೊಂದು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಕೂತು, ಹೆಂಡತಿಯ ಜೊತೆ ಸುಖದುಃಖ ಮಾತಾಡುತ್ತಾ ಮತ್ತೊಂದು.

ಹೆಂಡತಿ ಮುದ್ದಮ್ಮನ ಬೈಗುಳಕ್ಕೆ ನಮ್ಮ ಬೀದಿಯಲ್ಲಿ ಹೆಸರಿದೆ. ಕನ್ನಡದಲ್ಲಿ ಶುರುವಾಗಿ, ಕೋಪ ಏರಿದಂತೆ ತಮಿಳಿಗೆ ಹಾರಿ, ನಮ್ಮಜ್ಜನ ಸೋಮಾರಿತನವನ್ನು ಮುಟ್ಟಿ, ಮತ್ತೆ ಕನ್ನಡಕ್ಕೆ ಬಂದು ನಿಲ್ಲಬೇಕು. ಒಂದು ವರ್ಷ ಅದು ಮೊಟಕಾಗತೊಡಗಿತು. ಅರ್ಧದಲ್ಲೇ ಕೆಮ್ಮು ಬಂದು, ಬಾಯಿಗೆ ಸೆರಗು ಹಿಡಿದು ಗೋಡೆಗೆ ಒರಗುತ್ತಿದ್ದಳು. ಮೊದಮೊದಲು, ಸುಳ್ಳೇಕೆ ಹೇಳಲಿ, ಬಚಾವಾದೆ ಎಂದುಕೊಂಡೆ. ಒಂದು ದಿನ ಸಂತೆಯಲ್ಲಿ ಉಪ್ಪನ್ನೇ ಮರೆತು ಬಂದೆ. ಅಂಥ ತಪ್ಪಿಗೂ ಅವಳು ಒಂದೇ ಮಾತು ಆಡಿ, ಉಸಿರು ಸಾಲದೆ ಬಗ್ಗಿ ನಿಂತುಬಿಟ್ಟಳು. ಅವಳಿಲ್ಲದ ಮನೆ ಕಣ್ಣಮುಂದೆ ಬಂದು ನಿಜವಾಗಿಯೂ ಹೆದರಿದೆ.

ಮರುದಿನವೇ ಗಾಡಿ ಕಟ್ಟಿಸಿ ಮೇಚೇರಿಯ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಎದೆಗೆ ಕೊಳವೆ ಇಟ್ಟು ಕೇಳಿ, "ಎಷ್ಟು ವರ್ಷದಿಂದ ಚುಟ್ಟ ಸೇದುತ್ತಿದ್ದೀಯಮ್ಮ?" ಎಂದರು.

"ಅಯ್ಯಯ್ಯೋ, ನಾನ್ಯಾಕೆ ಸೇದ್ಲಿ ಸಾಮಿ? ಸೇದೋರು ಪಕ್ಕದಾಗೇ ಅವ್ರೆ!" ಎಂದಳು ಮುದ್ದಮ್ಮ.

ನಾನು ಮೆಲ್ಲಗೆ ಚುಟ್ಟವಿದ್ದ ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡೆ. ಡಾಕ್ಟರು ನನ್ನನ್ನೇ ನೋಡುತ್ತಾ, ಅಡುಗೆಮನೆಯಲ್ಲಿ ಹೊಗೆ ಹೋಗಲು ದಾರಿ ಇದೆಯೇ ಎಂದು ಕೇಳಿದರು. "ಇಲ್ಲವೇ ಇಲ್ಲ ಸಾರ್!" ಎಂದೆ, ಬೇರೆ ಕಳ್ಳ ಸಿಕ್ಕಿದ ಸಂತೋಷದಲ್ಲಿ. ಹೊಗೆ ಒಲೆಯದಾದರೇನು, ಚುಟ್ಟದ್ದಾದರೇನು, ಎದೆಗೆ ಎರಡೂ ಒಂದೇ ಎಂದು ಅವರು ಹೇಳಿದ್ದನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಕಡೆ ಅಡುಗೆಮನೆಗೆ ಕಿಂಡಿ ಇಡದಿರುವುದು ಮರೆತಲ್ಲ, ಬೇಕೆಂದೇ. ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆಯ ಅವರೆ, ಜೋಳದ ತೆನೆ ತೂಗುತ್ತವೆ. ಹೊಗೆ ಕುಡಿದ ಬೀಜಕ್ಕೆ ಹುಳ ಹತ್ತುವುದಿಲ್ಲ. ಕಿಂಡಿ ಒಡೆಯಲು ಹಾರೆ ಹಿಡಿದು ಬಂದ ನನಗೆ ಅವ್ವ ಅಡ್ಡ ನಿಂತಳು.

"ಲೇ, ಬೀಜಕ್ಕೆ ಉಳ ಬಿದ್ರೆ ನಿನ್ನ ಡಾಕ್ಟ್ರು ಬಂದು ಬಿತ್ತಾನಾ? ನಾನೂ ಇದೇ ಒಗೆಯಾಗೆ ಬೇಯ್ಸಿ ಆಕಿ ನಿನ್ನ ಸಾಕಲಿಲ್ವಾ?"

ಹೇಳುವಾಗ ಅವ್ವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಳುವಲ್ಲ, ನನಗೆ ತಿಳಿವಳಿಕೆ ಬಂದಂದಿನಿಂದ ಅದು ಹಾಗೇ ಸುರಿಯುತ್ತಿದೆ. ಅವ್ವನ ಕಣ್ಣೇ ಅಂಥದ್ದು ಎಂದುಕೊಂಡು ಅಷ್ಟು ವರ್ಷ ಆ ಕೈಯ ಮುದ್ದೆ ಉಂಡಿದ್ದೆನಲ್ಲಾ ಎಂದು ನಾಚಿಕೆಯಾಯಿತು.

"ಅತ್ತೆ, ಬೂದಿ ಕಲಸಿ ಮಡಕೇಲಿ ಕಟ್ಟಿಟ್ರೂ ಉಳ ಬರಾದಿಲ್ಲ. ನಮ್ಮವ್ವನ ಮನ್ಯಾಗೆ ಅಂಗೇ ಮಾಡಾದು" ಎಂದ ಮುದ್ದಮ್ಮನಿಗೆ ಮತ್ತೆ ಕೆಮ್ಮು ಹತ್ತಿತು. ಅವ್ವ ಸೊಸೆಯ ಬೆನ್ನು ನೀವುತ್ತಾ ನನ್ನ ಕಡೆ ತಿರುಗಿ, "ಒಡಿ ಮತ್ತೆ, ಏನ್ ನೋಡ್ತಾ ನಿಂತಿದೀಯ?" ಎಂದು ಗದರಿದಳು.

ಕಿಂಡಿ ಬಂತು, ಕೆಮ್ಮು ತಿಂಗಳು ತಿಂಗಳಿಗೆ ಇಳಿಯಿತು. ಒಂದು ಸಂಜೆ ನನ್ನ ಸಾಹಸಕ್ಕೆ ನಾನೇ ಮೆಚ್ಚಿ, ಅಡುಗೆಮನೆಯ ಬಾಗಿಲಲ್ಲಿ ಕೂತು ಚುಟ್ಟ ಹಚ್ಚಿದೆ.

"ಗೋಡೆ ಒಡ್ದು ಒಲೆ ಒಗೆ ಆಚೆ ಕಳ್ಸಿದ್ರಿ. ನಿಮ್ಮ ಬಾಯಿನ ಒಗೆಗೆ ಎಲ್ಲಿ ಕಿಂಡಿ ಒಡೆಯಾದು, ವಾದ್ಯಾರೇ?" ಎಂದು ಮುದ್ದಮ್ಮ ಶುರುಮಾಡಿದಳು.

ಬೈಗುಳ ತಮಿಳಿಗೆ ಹಾರಿತು, ಅಜ್ಜನನ್ನು ಮುಟ್ಟಿತು, ಮತ್ತೆ ಕನ್ನಡಕ್ಕೆ ಬಂದು ನಿಂತಿತು. ನಡುವೆ ಒಂದು ಕೆಮ್ಮೂ ಇಲ್ಲ! ನನಗೆ ಕಣ್ಣು ತುಂಬಿ ಬಂತು. ತಪ್ಪನ್ನು ಚುಟ್ಟದ ಹೊಗೆಯ ಮೇಲೆ ಹಾಕಿ ಎದ್ದುಹೋದೆ.

ಅಂದೇ ಚುಟ್ಟ ಬಿಟ್ಟೆನೆಂದು ಬರೆಯಲು ಕೈ ತುರಿಸುತ್ತಿದೆ. ಬಿಡಲಿಲ್ಲ, ಕುರಿಹಟ್ಟಿಯ ಹಿಂದೆ ಹೋಗಿ ಸೇದತೊಡಗಿದೆ, ಮನೆಯವರಿಗೆ ತೊಂದರೆ ಬೇಡವೆಂದು. ಇತ್ತೀಚೆಗೆ ಬೆಳಿಗ್ಗೆ ಬೆಳಿಗ್ಗೆ ಅಲ್ಲಿಂದ ಕೆಮ್ಮು ಕೇಳಿಸುತ್ತದಂತೆ. ನಿನ್ನೆ ಮುದ್ದಮ್ಮ ಕೇಳಿದಾಗ, "ಟಗರಿರಬೇಕು" ಎಂದೆ.

"ಔದಾ? ನಾಳೆ ಮೇಚೇರಿಗೆ ಗಾಡಿ ಕಟ್ಟು ಅಂತ ಏಳಿವ್ನಿ" ಎಂದಳು. "ಟಗರು ಜೇಬು ಖಾಲಿ ಮಾಡ್ಕೊಂಡು, ಅಂಗಿ ಆಕ್ಕೊಂಡು ಒರಡ್ಲಿ."