ಮಸ್ಕಿ ದಾಟದ ಎಡಗಾಲು

ನಮ್ಮಣ್ಣ ತನ್ನ ಎರಡು ಕಾಲಿಗೂ ಹೆಸರಿಟ್ಟಿದ್ದಾನೆ ಎಂದರೆ ನೀವು ನಂಬುತ್ತೀರಾ? ಬಲಗಾಲು ಸಿಂಧನೂರು ಬಸ್ಸು, ಎಡಗಾಲು ಲಿಂಗಸುಗೂರು ಬಸ್ಸು!

ನಾಲ್ಕು ವರ್ಷದ ಹಿಂದೆ ತುರ್ವಿಹಾಳದ ನಮ್ಮ ಗದ್ದೆಯ ಹತ್ತಿರ ಟ್ರ್ಯಾಕ್ಟರ್ ಕಾಲುವೆ ದಂಡೆಯಿಂದ ಉರುಳಿತು. ಮಡ್‌ಗಾರ್ಡ್ ಮೇಲೆ ಕೂತಿದ್ದ ಅಣ್ಣನ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಎಲ್ಲ ಸುಮ್ಮನಾಯಿತು. ಬಾಯಿ ಮಾತ್ರ ಎರಡು ಪಟ್ಟಾಯಿತು! ಓಡಿಸುತ್ತಿದ್ದವನು ನಾನು. "ನಾಯಿ ಅಡ್ಡ ಬಂತು" ಎಂದುಬಿಟ್ಟೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇನ್ನೆಂಥ ಸುಳ್ಳು ಹೊಳೆದೀತು? ನಾಯಿ ಇರಲಿಲ್ಲ. ನಾನು ಫೋನು ನೋಡುತ್ತಿದ್ದೆ.

ಆದರೆ ಅಣ್ಣ ಆ ನಾಯಿಯನ್ನು ಬಿಡಬೇಕಲ್ಲ! ನೋಡಲು ಬಂದವರಿಗೆಲ್ಲ ಅದರದೇ ವರ್ಣನೆ. "ಎಂಥಾ ನಾಯಿ ಅಂತೀರಿ! ಕರೇದು, ಬಾಲ ತುಂಡು." ಮುಂದಿನ ವಾರ ಅದರ ಹಣೆಗೆ ಬಿಳಿ ಚುಕ್ಕೆ ಬಂತು. ವರ್ಷ ತುಂಬುವುದರೊಳಗೆ ಅದು ಕರುವಿನಷ್ಟಾಯಿತು! ನಾನು ಮಾತ್ರ ಪ್ರತಿ ಸಲವೂ ನೀರು ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಕಳೆದ ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ಪ್ರಯೋಗಕ್ಕೆಂದು ಅವನ ಬೆನ್ನುಹುರಿಯ ಮೇಲೆ ತಂತಿಗಳನ್ನು, ಹೊಟ್ಟೆಯ ಚರ್ಮದೊಳಗೆ ಸಣ್ಣ ಯಂತ್ರವನ್ನು ಕೂರಿಸಿದರು. ರಿಮೋಟ್ ಒತ್ತಿದರೆ ನರಗಳಿಗೆ ಕರೆಂಟು. ಅಣ್ಣ ಪಕ್ಕದ ಮನೆಯ ಅತ್ತೆಗೆ ತಿಳಿಸಿ ಹೇಳಿದ: "ಕಾಲುವಿ ನಡುವ ಒಡದೈತಿ ಅತ್ತಿ, ಮ್ಯಾಗಿನ ನೀರು ಕೆಳಗಿನ ಹೊಲಕ್ಕ ಬರವಲ್ದು. ಡಾಕ್ಟರು ಅಲ್ಲೊಂದು ಮೋಟರ್ ಕುಂದರ್ಸ್ಯಾರ."

"ಕರೆಂಟ್ ಹೋದ್ರ ಏನ್ ಮಾಡ್ತಿಯೋ?"

"ನಿಂತಲ್ಲೇ ನಿಂತಿರ್ತೀನಿ, ನೀ ದೀಪ ಹಚ್ಚಿ ಹುಡುಕು!"

ದಿನಾ ಬೆಳಿಗ್ಗೆ ಅವನು ವಾಕರ್ ಹಿಡಿದು ಬಾಗಿ ನಿಲ್ಲುವುದು, ನಾನು ರಿಮೋಟ್ ಒತ್ತುವುದು. ತಿಂಗಳುಗಟ್ಟಲೆ ಇದೇ. ಬಲಗಾಲು ಮೊದಲು ಎದ್ದಿತು.

"ಸಿಂಧನೂರು ಬಂತು! ಲಿಂಗಸುಗೂರು ಎಲ್ಲೈತಿ ಲೇ?"

"ನಡುದಾರಿ ಮಸ್ಕಿಯಾಗ ಚಾ ಕುಡ್ಯಾಕ ನಿಂತೈತಿ, ಅಣ್ಣಾ."

"ಡ್ರೈವರ್ ನಿನ್ನಂಥಾವ ಇರಬೇಕು!"

ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಮೊನ್ನೆ ಸೋಮವಾರ ಎಡಗಾಲು ಮಸ್ಕಿ ದಾಟಿತು! ಮಂಚದಿಂದ ಆರು ಹೆಜ್ಜೆ ನಡೆದು ಅಣ್ಣ ಅಂಗಳದ ಟ್ರ್ಯಾಕ್ಟರ್ ಮುಟ್ಟಿದ. ಅದು ಉರುಳಿದ ದಿನದಿಂದ ನಾನು ಅದನ್ನು ಮುಟ್ಟಿರಲಿಲ್ಲ. ಅವನ ಕೈ ಮಡ್‌ಗಾರ್ಡ್ ಸವರುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ನಾಯಿ ಇರ್ಲಿಲ್ಲ. ನಾ ಫೋನ್ ನೋಡಾಕತ್ತಿದ್ದೆ."

"ಬಾಜೂಕ ಕುಂತಾವ ನಾ, ನನಗ ಗೊತ್ತಿಲ್ಲೇನ್ಲೇ? ಮಂದಿ ನಿನ್ನ ಬೈತಾರಂತ ನಾಲ್ಕು ವರ್ಷ ಆ ನಾಯಿ ಸಾಕೀನಿ. ಸಾಕಾತು, ಇನ್ನ ಬಿಟ್ಟಬಿಡು. ಗಾಡಿ ಚಾಲೂ ಮಾಡು. ಮೊದಲು ಆ ಫೋನ್ ಇಲ್ಲಿ ಕೊಡು."

ಅವನು ನೆಟ್ಟಗೆ ನಿಂತುಕೊಂಡೇ ಕೈ ಚಾಚಿದ. ನಾಲ್ಕು ವರ್ಷದ ಮೇಲೆ ಅಣ್ಣನ ಮುಖ ನೋಡಲು ನಾನು ತಲೆ ಎತ್ತಬೇಕಾಯಿತು.