ವೈಫೈಗೆ ನಾಲ್ಕನೇ ಜ್ವರ

"ಈ ಮನೇಲಿ ಇನ್ಮೇಲೆ ನೆಟ್ಟು ನಿಂತೋಯ್ತು ಅನ್ನೋ ಮಾತು ಯಾರ ಬಾಯಲ್ಲೂ ಬರಂಗಿಲ್ಲ!"

ಸಾತನೂರಿನ ಪಕ್ಕದ ಹಳ್ಳಿಯ ಕೆಂಪರಾಜು ನಡುಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ಹೀಗೆ ಘೋಷಿಸಿದಾಗ ಕೇಳುವುದಕ್ಕೆ ಇದ್ದವರು ಇಬ್ಬರೇ. ಹೆಂಡತಿ ರಮ್ಯ ರೇಷ್ಮೆ ಹುಳುವಿಗೆ ಸೊಪ್ಪು ಆರಿಸುತ್ತಿದ್ದಳು. ತಾಯಿ ಮುನಿಯಮ್ಮ ಸೀರಿಯಲ್ಲು ನೋಡುತ್ತಿದ್ದಳು. ಇಬ್ಬರೂ ತಲೆಯೆತ್ತಲಿಲ್ಲ. ಆದರೇನಂತೆ, ಘೋಷಣೆ ಘೋಷಣೆಯೇ!

ಇಷ್ಟು ಆವೇಶಕ್ಕೆ ಕಾರಣವಿತ್ತು. ರಮ್ಯ ಹುಳು ಸಾಕುವುದರಲ್ಲಿ ಎತ್ತಿದ ಕೈ. ಸುತ್ತಲಿನವರ ಬೆಳೆ ಕೈಕೊಟ್ಟಾಗಲೂ ಅವಳ ಮನೆಯ ಗೂಡು ಮಾತ್ರ ಗಟ್ಟಿಯಾಗೇ ಇಳಿಯುತ್ತಿತ್ತು. ಇದು ಹೇಗೋ ರಾಮನಗರದ ಮಹಿಳಾ ರೇಷ್ಮೆ ಬಳಗದ ಕಿವಿಗೆ ಬಿದ್ದು, ಭಾನುವಾರದ ವಿಡಿಯೊ ತರಗತಿಗೆ ಅವಳನ್ನೇ ಮೇಷ್ಟ್ರಮ್ಮ ಮಾಡಿದ್ದರು. ಚೆನ್ನಾಗಿ ನಡೆದರೆ ಪ್ರತಿ ತಿಂಗಳೂ ಅವಳದೇ ಪಾಠ. ಆದರೆ ಮುಂಚಿನ ವಾರ ನಡೆದ ಪರೀಕ್ಷಾರ್ಥ ಪಾಠದಲ್ಲಿ ಮೊಬೈಲ್ ನೆಟ್ಟು ಕೈಕೊಟ್ಟು, ರಮ್ಯಳ ಚಿತ್ರ ಅರ್ಧ ಬಾಯಿ ತೆರೆದುಕೊಂಡು ನಿಂತುಬಿಟ್ಟಿತ್ತು. ಮಾಗಡಿಯಿಂದ ಚನ್ನಪಟ್ಟಣದವರೆಗಿನ ಹೆಂಗಸರು ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಅವತ್ತು ರಾತ್ರಿ ಅವಳು ಊಟ ಬಿಟ್ಟಿದ್ದಳು. ಇನ್ನೊಂದು ಸಲ ಹಾಗಾದರೆ ಅವಳು ಆ ಪರದೆಯ ಮುಂದೆ ಕೂರುವ ಮಾತೇ ಇರಲಿಲ್ಲ.

ಅದಕ್ಕೇ ಕೆಂಪರಾಜು ಊರಿಗೇ ಮೊದಲನೆಯದಾದ, ಭಾರಿ ಸ್ಪೀಡಿನ ಫೈಬರ್ ಕನೆಕ್ಷನ್ ಹಾಕಿಸಿ, ಮೆಶ್ ವೈಫೈನ ಮೂರು ಬಿಳಿ ಡಬ್ಬಿಗಳನ್ನೂ ತಂದ. ಒಂದು ನಡುಮನೆಗೆ. ಒಂದು ಮಧ್ಯದ ಹುಳುಮನೆಗೆ. ಇನ್ನೊಂದು ಅದರಾಚೆಯ ಹೊಸ ರೂಮಿಗೆ. ನಡುಮನೆಯಲ್ಲಿ ಸೀರಿಯಲ್ಲು, ಎದುರಿಗೆ ಹಿಟ್ಟಿನ ಮಿಲ್ಲು. ಹಾಗಾಗಿ ಪಾಠಕ್ಕೆ ಹೊಸ ರೂಮೇ ಗತಿ.

"ಮನೆ ಕಟ್ಟುವಾಗ ಇಟ್ಟಿಗೆ ಕೈ ದಾಟಿಸ್ತಾರಲ್ಲ, ಹಂಗೇ ಕಣೇ ಇದು. ಈ ಡಬ್ಬಿ ಆ ಡಬ್ಬಿಗೆ ಕೊಡ್ತದೆ, ಅದು ಇನ್ನೊಂದಕ್ಕೆ ಕೊಡ್ತದೆ."

"ಮಧ್ಯದೋನು ಕೈ ಚಾಚ್ದೆ ಇದ್ರೆ?" ರಮ್ಯ ಕೇಳಿದಳು.

"ಚಾಚ್ದೆ ಎಲ್ಲೋಯ್ತಾನೆ? ಇಟ್ಟಿರೋನು ಕೆಂಪರಾಜು! ಪಾಠದಲ್ಲಿ ಒಂದೇ ಒಂದ್ಸಲ ನೀನು ನಿಂತೋದ್ರೆ, ಹುಳ ಹಣ್ಣಾಗಿ ಗೂಡು ಕಟ್ಟೋಗಂಟ ಸೊಪ್ಪೆಲ್ಲಾ ನಾನೊಬ್ನೇ ಕುಯ್ತೀನಿ, ಹೋಗು!"

"ಅತ್ತೇ, ಕೇಳಿಸ್ಕಂಡ್ರಾ?"

"ಕೇಳಿಸ್ತು ಕಣವ್ವ," ಎಂದಳು ಮುನಿಯಮ್ಮ, ಸೀರಿಯಲ್ಲಿನಿಂದ ಕಣ್ಣು ಕೀಳದೆ.

ಗುರುವಾರ, ಶುಕ್ರವಾರ ಹೊಸ ರೂಮಿನಲ್ಲಿ ವಿಡಿಯೊ ನೀರು ಹರಿದ ಹಾಗೆ ಹರಿಯಿತು. ಕೆಂಪರಾಜು ಕಂಡಕಂಡವರಿಗೆಲ್ಲ ಫೋನ್ ಮಾಡಿ ಸ್ಪೀಡು ಕೊಚ್ಚಿಕೊಂಡ. ಶನಿವಾರ ಮಧ್ಯಾಹ್ನ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಹುಳು ಹಳೇ ಚರ್ಮ ಕಳಚುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿಕೊಂಡು, ಅಲುಗಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಗದ್ದಲವಿಲ್ಲ, ಕಣ್ಣು ಕುಕ್ಕುವ ಬೆಳಕಿಲ್ಲ. ಈ ಬಂದೋಬಸ್ತು ಆ ಮನೆಯಲ್ಲಿ ಯಾವತ್ತೂ ಕೆಂಪರಾಜುವಿನದೇ. ಅವನು ಕಿವಿಗೆ ಫೋನ್ ಸಿಕ್ಕಿಸಿಕೊಂಡು, ಕನಕಪುರದ ಭಾವನಿಗೆ ವೈಫೈ ಮಹಿಮೆ ಬಣ್ಣಿಸುತ್ತಲೇ ಸುಣ್ಣದ ಪುಡಿ ಉದುರಿಸಿ, ಪರದೆ ಇಳಿಸಿ, ಕತ್ತಲೆ ಮಾಡಬೇಕಾದ ಕಡೆಯೆಲ್ಲ ಕತ್ತಲೆ ಮಾಡಿ, ಬಾಗಿಲು ಎಳೆದುಕೊಂಡು ಬಂದ.

ಸಂಜೆ ರಮ್ಯ ಕೂಗಿದಳು. "ರೀ! ಸಿಗ್ನಲ್ ಗೀಟೆಲ್ಲಾ ತುಂಬೈತೆ, ವಿಡಿಯೊ ಮಾತ್ರ ಸುತ್ತುತಾ ಕೂತೈತೆ!"

ಅಲ್ಲಿಂದ ಶುರುವಾಯಿತು ಕೆಂಪರಾಜುವಿನ ದಂಡಯಾತ್ರೆ! ಮೊದಲು ನಡುಮನೆಯ ಡಬ್ಬಿಯನ್ನು ಆರಿಸಿ ಹೊತ್ತಿಸಿದ. ಆಗಲಿಲ್ಲ. ಬೀರುವಿನ ಮೇಲಿಟ್ಟ. ಆಗಲಿಲ್ಲ. ದೇವರ ಗೂಡಿನಲ್ಲಿಟ್ಟ, ಮುನಿಯಮ್ಮ ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟಳು, ಆದರೂ ಆಗಲಿಲ್ಲ. ಅಕ್ಕಪಕ್ಕದವರು ನೆಟ್ಟು ಕದಿಯುತ್ತಿದ್ದಾರೆಂದು ಪಾಸ್‌ವರ್ಡ್ ಬದಲಾಯಿಸಿದ. ಈಗ ಮನೆಯವರ ಫೋನುಗಳೂ ಹೊರಗೆ ನಿಂತವು!

ಈ ನಡುವೆ ಮುನಿಯಮ್ಮನದು ಬೇರೆಯದೇ ಗೋಳು. "ಲೇ ಕೆಂಪ, ನನ್ನ ದೊಡ್ಡ ದಬರಿ ಕಂಡ್ಯಾ? ನಾಳೆ ಬೆಳಗ್ಗೆ ಹುರುಳಿಕಾಳು ಬೇಯಿಸ್ಬೇಕು."

"ಅವ್ವಾ, ಇಲ್ಲಿ ಇಡೀ ಇಂಟರ್ನೆಟ್ಟೇ ಕಾಣ್ತಿಲ್ಲ, ನಿಂಗೆ ಅಲ್ಯೂಮಿನಿಯಂ ದಬರಿ ಚಿಂತೆ!"

"ಇಂಟರ್ನೆಟ್ಟಲ್ಲಿ ಹುರುಳಿ ಬೇಯ್ತದೇನ್ಲಾ?"

ಕೆಂಪರಾಜು ಏಣಿ ಹಾಕಿ ಮಾಳಿಗೆ ಹತ್ತಿದ. ಫೈಬರ್ ತಂತಿ ತೆಂಗಿನ ಗರಿಗೆ ತಾಗುತ್ತಿದೆ, ಎಲ್ಲಾ ಕಿತಾಪತಿ ಅದರದೇ ಎಂದು ತೀರ್ಮಾನಿಸಿ ತಂತಿಯನ್ನು ಈ ಕಡೆಗೆ ಒಸಿ ಎಳೆದ. ತಂತಿ ಬಂದಿತು. ಒಂದು ತುದಿ ಮಾತ್ರ! ಇನ್ನೊಂದು ತುದಿ ಕಂಬದಲ್ಲೇ ಉಳಿಯಿತು. ಅಲ್ಲಿಯವರೆಗೆ ನಿಧಾನವಾಗಿದ್ದ ನೆಟ್ಟು ಈಗ ಸಂಪೂರ್ಣ ವಿಶ್ರಾಂತಿಗೆ ಹೋಯಿತು.

ಭಾನುವಾರ ಬೆಳಗ್ಗೆ ತಂತಿ ಸೇರಿಸಲು ಸುಹೇಲ್ ಬಂದ. ಸಾತನೂರು ಸುತ್ತಮುತ್ತ ಕನೆಕ್ಷನ್ ಕೊಡುವವನು ಅವನೇ. ತಂತಿ ಬೆಸೆದು, ನಡುಮನೆಯಲ್ಲಿ ಪರೀಕ್ಷೆ ಮಾಡಿ, "ರಾಜಣ್ಣ, ಇಲ್ಲಿಗಂಟ ಸ್ಪೀಡು ಪೂರ್ತಿ ಬರ್ತೈತೆ. ಮಧ್ಯದ ಡಬ್ಬಿ ಒಂದ್ಸಲ ನೋಡ್ಬುಡ್ಲಾ?" ಎಂದ.

ಕೆಂಪರಾಜು ಹುಳುಮನೆ ಬಾಗಿಲಿಗೆ ಅಡ್ಡ ನಿಂತ. "ಏ, ಹುಳ ಜ್ವರಕ್ಕೆ ಕೂತವೆ! ಹೊರಗಿನೋರು ಒಳಕ್ಕೆ ಬರಂಗಿಲ್ಲ. ಆ ಡಬ್ಬಿ ಇಟ್ಟೋನು ನಾನು ಕಣಪ್ಪ, ಅದು ಸರಿಯಾಗೈತೆ."

"ಹಂಗಾದ್ರೆ ನೀವಾದ್ರೂ ಒಳಕ್ಕೋಗಿ ನೋಡಣ್ಣ."

"ಜ್ವರದಲ್ಲಿ ಪದೇ ಪದೇ ಓಡಾಡಬಾರ್ದು. ನಂಗೊತ್ತಿಲ್ವಾ?"

ಸುಹೇಲ್ ಚಹ ಕುಡಿದು, ನಮಸ್ಕಾರ ಹಾಕಿ ಗಾಡಿ ಹತ್ತಿದ.

ಹೊಸ ರೂಮಿನಲ್ಲಿ ಪಾಠ ಶುರುವಾಯಿತು. ರಾಮನಗರದಿಂದ ಬಳಗದ ಶಬ್ನಮ್ ಎಲ್ಲರಿಗೂ ಸ್ವಾಗತ ಹೇಳಿ, "ಈಗ ರಮ್ಯಕ್ಕ ಜ್ವರದ ಹೊತ್ತಲ್ಲಿ ಹುಳ ನೋಡ್ಕೊಳೋದು ಹೇಗಂತ ತಿಳಿಸ್ತಾರೆ," ಎಂದಳು. ರಮ್ಯ ಹಸಿರು ರೇಷ್ಮೆ ಸೀರೆ ಉಟ್ಟು, ಕೈ ಜೋಡಿಸಿ, "ಎಲ್ಲಾರ್ಗೂ ನಮಸ್ಕಾರ. ಜ್ವರ ಅಂದ್ರೆ..." ಎಂದಳು.

ಅಷ್ಟೇ! ಪರದೆಯ ಮೇಲಿನ ರಮ್ಯ ತಲೆ ಮೇಲಕ್ಕೆತ್ತಿ, ಬಾಯಿ ತುಸು ತೆರೆದು, ಅಲುಗಾಡದೆ ನಿಂತಳು. ಜ್ವರಕ್ಕೆ ಕೂತ ಹುಳು ಥೇಟ್ ಹಾಗೇ ಇರುತ್ತದೆ.

"ಅಕ್ಕಾ, ತೋರಿಸಿದ್ದು ಅರ್ಥ ಆಯ್ತು, ಮುಂದಕ್ಕೇಳಿ," ಎಂದು ತಿಪ್ಪಸಂದ್ರದ ಯಾರೋ ಹೇಳಿದ್ದು ತುಂಡುತುಂಡಾಗಿ ಕೇಳಿಸಿತು. ಹಿಂದೆಯೇ ನಗು. ರಮ್ಯಳ ಕಣ್ಣು ತುಂಬಿತು. ಬಾಗಿಲಲ್ಲಿ ನಿಂತಿದ್ದ ಕೆಂಪರಾಜು ತಲೆ ತಗ್ಗಿಸಿದ. ಪಂಥ ಸೋತದ್ದಕ್ಕಲ್ಲ, ಆ ಕಣ್ಣು ಕಂಡು.

ಅವಳು ಅಳಲಿಲ್ಲ. ಫೋನ್ ಕೈಗೆತ್ತಿಕೊಂಡು, ಹೊಸ್ತಿಲ ಬಳಿ ಇಟ್ಟಿದ್ದ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಸೀದಾ ಹುಳುಮನೆ ಬಾಗಿಲು ತಳ್ಳಿದಳು.

"ಲೇ, ಜ್ವರದಲ್ಲವೆ ಕಣೇ!"

"ಅವು ನನ್ನ ಹುಳ ಕಣ್ರೀ. ಜ್ವರ ಯಾರಿಗೈತೆ ಅಂತ ನಾನ್ ನೋಡ್ತೀನಿ."

ಒಳಗೆ ಹುಳುಗಳು ಸದ್ದಿಲ್ಲದೆ ಕೂತಿದ್ದವು. ಡಬ್ಬಿ ಇಟ್ಟಿದ್ದ ಮೂಲೆಯ ಹಲಗೆಯ ಮೇಲೆ ಡಬ್ಬಿ ಕಾಣಲಿಲ್ಲ. ಇದ್ದದ್ದು ಒಂದು ದಬರಿ! ಬೋರಲು ಹಾಕಿದ, ದಪ್ಪನೆಯ, ಮುನಿಯಮ್ಮನ ಹುರುಳಿ ಬೇಯಿಸುವ ಅಲ್ಯೂಮಿನಿಯಂ ದಬರಿ. ಅದರ ಅಂಚಿನ ಕೆಳಗಿಂದ ಒಂದು ವೈರು ಬಾಲದ ಹಾಗೆ ಹೊರಗೆ ಬಂದಿತ್ತು. ರಮ್ಯ ದಬರಿ ಎತ್ತಿದಳು. ಒಳಗೆ ಡಬ್ಬಿ ನೀಲಿ ಕಣ್ಣು ಮಿಟುಕಿಸುತ್ತಾ ಕೂತಿತ್ತು.

ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಫೋನಿನಲ್ಲಿ ಶಬ್ನಮ್ ದನಿ ಗಂಟೆ ಹೊಡೆದ ಹಾಗೆ ಕೇಳಿಸಿತು. "ರಮ್ಯಕ್ಕ, ಈಗ ಸೂಪರ್ರಾಗಿ ಕಾಣಿಸ್ತಿದೀರ! ಕೈಯಲ್ಲಿ ಅದೇನು?"

"ದಬರಿ."

"ಯವ್ವಾ, ನನ್ನ ದಬರಿ!" ಬಾಗಿಲಾಚೆಯಿಂದ ಮುನಿಯಮ್ಮನ ಹರ್ಷೋದ್ಗಾರ. ಅದೂ ಮಾಗಡಿಯಿಂದ ಚನ್ನಪಟ್ಟಣದವರೆಗೆ ಸ್ಪಷ್ಟವಾಗಿ ಕೇಳಿಸಿತು.

ಆಗ ಕೆಂಪರಾಜುವಿಗೆ ಎಲ್ಲವೂ ನೆನಪಾಯಿತು. ಶನಿವಾರ ಮಧ್ಯಾಹ್ನ ಭಾವನ ಜೊತೆ ಮಾತಾಡುತ್ತಾ ಇದ್ದಾಗ ಡಬ್ಬಿಯ ದೀಪ ಹುಳುಗಳ ಮೇಲೆ ಮಿಣಮಿಣ ಅಂದದ್ದು; ತಾನು ಕೈಗೆ ಸಿಕ್ಕ ದಬರಿಯನ್ನು ಅದರ ಮೇಲೆ ಮಗುಚಿದ್ದು; ಮಗುಚುತ್ತಲೇ, "ಸ್ಪೀಡು ಅಂದ್ರೆ ಸ್ಪೀಡು ಭಾವ!" ಅಂದದ್ದು. ಕೈ ಮಾಡಿದ ಕೆಲಸ ಬಾಯಿಗೆ ತಿಳಿದಿರಲಿಲ್ಲ. ಅವನು ಮೆಲ್ಲಗೆ ಬಾಗಿಲ ಹಿಂದಕ್ಕೆ ಸರಿದ.

"ಅಕ್ಕಾ, ಜ್ವರದಲ್ಲಿ ಹುಳದ ಮೇಲೆ ದಬರಿ ಮುಚ್ಬೇಕಾ?" ತಿಪ್ಪಸಂದ್ರದವಳು ತೀರಾ ಗಂಭೀರವಾಗಿ ಕೇಳಿದಳು. ಬರೆದುಕೊಳ್ಳುವುದಕ್ಕೆ ಪೆನ್ನೂ ಹಿಡಿದಿದ್ದಳು.

"ಹುಳಕ್ಕೆ ಬೇಡ ಕಣವ್ವ," ರಮ್ಯ ಬಾಗಿಲ ಕಡೆ ಒಂದು ನೋಟ ಎಸೆದು ಹೇಳಿದಳು. "ನೆಟ್ಟಿಗೆ ಜ್ವರ ಬರಿಸ್ಬೇಕು ಅಂದ್ರೆ ಮುಚ್ಬೌದು. ನಮ್ಮನೆಯೋರು ಅದ್ರಲ್ಲಿ ಪಳಗವ್ರೆ."

ನಕ್ಕವರಲ್ಲಿ ಈ ಸಲ ರಮ್ಯಳೂ ಇದ್ದಳು. ಆಮೇಲೆ ಅವಳು ದನಿ ತಗ್ಗಿಸಿ, ಹುಳುಗಳನ್ನು ದೂರದಿಂದಲೇ ತೋರಿಸುತ್ತಾ ಮಾತಾಡಿದ್ದು ಎಷ್ಟು ಸೊಗಸಾಗಿತ್ತೆಂದರೆ, ಮುಂದಿನ ತಿಂಗಳ ಪಾಠವೂ ಅವಳದೇ ಎಂದು ಶಬ್ನಮ್ ಅಲ್ಲೇ ಹೇಳಿಬಿಟ್ಟಳು. ಬಾಗಿಲ ಹಿಂದೆ ನಿಂತವನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಯಾವುದು ಹೆಚ್ಚೆಂದು ಅವನು ತೂಗಿ ನೋಡಲಿಲ್ಲ.

ಮರುದಿನ ಹುಳುಗಳು ಜ್ವರ ಬಿಟ್ಟು ಎದ್ದವು. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವೆಂದರೆ ಕೇಳಬೇಕೆ! ಎಷ್ಟು ಹೊರೆ ಸೊಪ್ಪು ಹಾಕಿದರೂ ಮಳೆ ಹುಯ್ದ ಸದ್ದಿನಲ್ಲಿ ಮೇದು ಕಡ್ಡಿ ಮಾತ್ರ ಉಳಿಸುತ್ತವೆ. ಕೆಂಪರಾಜು ಮಾತಿಗೆ ತಪ್ಪಲಿಲ್ಲ. ಮನೆ ಹಿಂದಿನ ಹಿಪ್ಪುನೇರಳೆ ತೋಟದಲ್ಲಿ ಒಬ್ಬನೇ ಕುಯ್ದ, ಹೊತ್ತ, ಮತ್ತೆ ಕುಯ್ದ. ಮೂರನೇ ಹೊರೆಗೆ ಬೆನ್ನು ಸೋತು ಬದುವಿನ ಮೇಲೆ ಒಸಿ ಕೂತ. ಅಷ್ಟರಲ್ಲಿ ಫೋನಿನಲ್ಲಿ ರಮ್ಯಳ ವಿಡಿಯೊ ಕಾಲ್! ವೈಫೈ ತೋಟದವರೆಗೂ ಬಂದಿತ್ತು. ಅವನ ಬಳಲಿಕೆಯೆಲ್ಲ ಇಳಿದುಹೋಯಿತು.

"ನೋಡ್ದಾ? ತೋಟಕ್ಕೂ ಹೊಡೀತೈತೆ! ಕ್ಲಿಯರ್ ಆಗೈತಾ?"

"ತುಂಬ ಕ್ಲಿಯರ್ ಆಗೈತೆ ಕಣ್ರೀ. ಬದುವಿನ ಮೇಲೆ ಕೂತಿರೋದು ನೀವು, ಪಕ್ಕದಲ್ಲಿ ಮಲಗಿರೋದು ಕುಡುಗೋಲು. ಹುಳ ಕಾಯ್ತಾವೆ, ಏಳಿ."

ಕೆಂಪರಾಜು ಎದ್ದ. ಚಿತ್ರ ಒಂದು ಕ್ಷಣವೂ ನಿಲ್ಲಲಿಲ್ಲ.